ಒಸರು

ಭೂತಯ್ಯ ಗುದ್ದಲಿ ಮೇಲಕ್ಕೆಸೆದು ಗುಂಡಿಯೊಳಗಿಂದ ಕೂಗಿದ. "ಅಮ್ಮಾ, ನೀರು ಒಸರ್ತಾ ಇದೆ!"

ಸುಪ್ರಿಯಾ ಬಗ್ಗಿ ನೋಡಿದಳು. ಕೆರೆಯಂಚಿನಲ್ಲಿ, ಅಮ್ಮನ ಸಮಾಧಿಯ ಪಕ್ಕ ತೋಡಿದ ಗುಂಡಿ. ನೋಡನೋಡುತ್ತ ಕೆಂಪು ನೀರು ಭೂತಯ್ಯನ ಮೊಣಕಾಲು ಮುಟ್ಟಿತು. ಮನೆಯ ಜಗಲಿಯಲ್ಲಿ ಅಪ್ಪ ಪರಮೇಶ್ವರಪ್ಪನವರ ದೇಹಕ್ಕೆ ವಿಭೂತಿ ಹಚ್ಚಿ ಕೂರಿಸಿಯಾಗಿತ್ತು.

"ಕತ್ತಲಾಗೋದ್ರೊಳಗೆ ಕ್ರಿಯೆ ಮುಗೀಬೇಕಮ್ಮ," ಎಂದರು ಅಯ್ಯನವರು. "ಬೇರೆ ಕಡೆ ತೆಗೆಸೋಣ್ವಾ?"

"ಬೇಡಿ. ಅಮ್ಮನ ಪಕ್ಕಾನೇ ಅಂತ ಹೇಳಿದ್ರು ಅಪ್ಪ."

ಬಕೆಟ್ಟಿನಲ್ಲಿ ಮೊಗೆದಷ್ಟೂ ತುಂಬಿಕೊಳ್ಳುತ್ತಿತ್ತು. ಈ ನೀರಲ್ಲಿ ಅಪ್ಪನನ್ನು ಕೂರಿಸುವುದು ಹೇಗೆ? ಬಿಸಿಲು ಆಗಲೇ ಗುಡ್ಡದ ನೆತ್ತಿಗೆ ಸರಿದಿತ್ತು.

*

ಪರಮೇಶ್ವರಪ್ಪ ಅಂತರ್ಜಲ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದವರು. ನಿವೃತ್ತಿಯಾದ ಮೇಲೂ ಈ ದೊಡ್ಡ ಕೆರೆಯ ಸುತ್ತಲಿನ ಬಾವಿಗಳಿಗೆ ನೀರಿನ ಮಟ್ಟ ಅಳೆಯುವ ಟೇಪು ಇಳಿಬಿಡುವುದನ್ನು ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಅಣ್ಣನ ಮಗ ಕಲ್ಲೇಶ ಮೇಲಿನ ಕಾಫಿ ಎಸ್ಟೇಟಿನಲ್ಲಿ ಎರಡು ಬೋರ್ ಕೊರೆಸಿದ. ಕೆಳಗೆ ಕೂಲಿಯವರ ಲೈನ್ ಮನೆಗಳ ಬಾವಿ ಬತ್ತಿತು.

"ಸುತ್ತ ಗುಡ್ಡ, ನಡುವೆ ಬೋಗುಣಿ ಥರ ಈ ಕೆರೆ. ಅಡಿಯ ಕಲ್ಲಿನ ಬಿರುಕೆಲ್ಲ ಒಂದಕ್ಕೊಂದು ಸೇರ್ಕೊಂಡಿದೆ ಕಲ್ಲೇಶ. ನೀನು ಎಳೆಯೋದು ಅವರ ಬಾವಿ ನೀರೇ."

"ನನ್ನ ಬೋರಿಗೂ ಆ ಬಾವಿಗೂ ಸಂಬಂಧ ಇಲ್ಲ ಚಿಕ್ಕಪ್ಪ."

ಪಂಚಾಯ್ತಿಯಲ್ಲೂ ಹಾಗೇ ಹೇಳಿದ. ಆಮೇಲೆ ಈ ಮನೆಯ ಮೆಟ್ಟಿಲು ಹತ್ತಿದ್ದು ಇವತ್ತೇ.

*

ಕಲ್ಲೇಶ ಗುಂಡಿಯ ಸುತ್ತ ತಿರುಗಿದ. ಥಟ್ಟನೆ ಮೊಬೈಲ್ ತೆಗೆದು ಎಸ್ಟೇಟಿನ ಲೆಕ್ಕ ನೋಡುವ ತನ್ನ ರೈಟರಿಗೆ ಹೇಳಿದ: "ಶಶಿಕಿರಣಾ, ಎರಡೂ ಬೋರ್ ಚಾಲೂ ಮಾಡು ಮಾರಾಯ. ಈಗ್ಲೇ."

"ಬೋರ್ ಯಾಕೆ ಕಲ್ಲೇಶಣ್ಣ?" ಎಂದಳು ಸುಪ್ರಿಯಾ.

"ಆಗ ಇಲ್ಲಿ ನೀರು ಇಳಿಯುತ್ತೆ..."

ಮಾತು ಅಲ್ಲೇ ನಿಂತಿತು. ಹೂ ಹಿಡಿದು ಬಂದಿದ್ದ ಲೈನ್ ಮನೆಯ ನಂಜಮ್ಮ ಅವನ ಮುಖವನ್ನೇ ನೋಡಿದಳು. ಗುಡ್ಡದ ಮೇಲೆ ಮೋಟರು ಗುಂಯ್‌ಗುಟ್ಟತೊಡಗಿತು.

ನೀರು ಇಳಿಯದಿದ್ದರೆ ಅಪ್ಪನಿಗೆ ಜಾಗವಿಲ್ಲ. ಇಳಿದರೆ ನಂಜಮ್ಮನ ಬಾವಿಯಲ್ಲೂ ಇಳಿಯುತ್ತಿರುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೆಂದು ಸುಪ್ರಿಯಾಳಿಗೆ ತಿಳಿಯಲಿಲ್ಲ.

ಭೂತಯ್ಯ ಮೊಗೆಯುತ್ತಲೇ ಇದ್ದ. ಈಗ ನೀರು ಮತ್ತೆ ಏರಲಿಲ್ಲ. ಮೀನಖಂಡಕ್ಕೆ ಬಂತು, ಹಿಮ್ಮಡಿಗೆ ಬಂತು. ಕೊನೆಗೆ ಅವನ ಪಾದದ ಬೆರಳುಗಳು ಕಂಡವು.

ಪರಮೇಶ್ವರಪ್ಪನವರನ್ನು ಇಳಿಸಿ ಕೂರಿಸಿದರು. "ಮಣ್ಣು ಹಾಕಪ್ಪ," ಅಯ್ಯನವರು ಎರಡು ಸಲ ಹೇಳಿದರು. ಕಲ್ಲೇಶ ಮಣ್ಣು ಹಿಡಿದ ಮುಷ್ಟಿ ಬಿಚ್ಚದೆ ಒಳಗೇ ನೋಡುತ್ತಿದ್ದ. ಗುಂಡಿಯ ಗೋಡೆಯಲ್ಲಿ, ಕುಳಿತ ಚಿಕ್ಕಪ್ಪನ ಎದೆಯ ಮಟ್ಟಕ್ಕೆ, ನೀರು ಬಿಟ್ಟುಹೋದ ಒದ್ದೆ ಗೆರೆ ಸುತ್ತಲೂ ಮೂಡಿತ್ತು.