ಬೀಜ ಉದುರಿಸಿದ ಹುಲ್ಲು

ಕುಲಶೇಖರದ ಜಯಕ್ಕ ಸುಮ್ಮನೆ ಒಂದು ಕಡ್ಡಿಯನ್ನೂ ಯಾರಿಗೂ ಕೊಡುವವಳಲ್ಲ. ಅಂಥವಳು ಲ್ಯಾನ್ಸಿಗೆ ಗದ್ದೆಯನ್ನೇ ಕೊಟ್ಟಳು. ಪಕ್ಕದ ಮನೆಯವ, ಚಿಕ್ಕಂದಿನಲ್ಲಿ ಅವಳ ಕೈಯ ಗಂಜಿ ಉಂಡು ಬೆಳೆದವ. ಗಲ್ಫಿನ ಕೆಲಸ ಹೋಗಿ ಬಂದು, "ದನದ ಹುಲ್ಲಿನ ಬೀಜ ಬೆಳೆಸಿ ಮಾರ್ತೇನೆ ಜಯಕ್ಕಾ" ಅಂದಾಗ ಇವಳ ಕರುಳು ಕರಗಿತು. ಗೇಣಿ ಬೇಡ, ಬೀಜ ಉದುರಿಸಿ ಉಳಿದ ಒಣಹುಲ್ಲು ಮಾತ್ರ ನನ್ನ ಬೊಳ್ಳಿಗೆ ಅಂದಳು. ಬೊಳ್ಳಿ ಅವಳ ದನ, ತುಂಬು ಗಬ್ಬ. ಮಕ್ಕಳಿಲ್ಲದ ಜಯಕ್ಕನಿಗೆ ಮಗಳು ಅಂತ ಇದ್ದದ್ದು ಅದೊಂದೇ.

ಕೊಯ್ಲು ಮುಗಿದದ್ದೇ ತಡ, ಲ್ಯಾನ್ಸಿ ಅವಸರ ಹಚ್ಚಿದ.

"ಬೇಗ ಹೊತ್ತುಕೊಂಡು ಹೋಗಿ ಜಯಕ್ಕಾ. ಹುಲ್ಲು ಗದ್ದೆಯಲ್ಲೇ ಬಿದ್ದರೆ ಅಡಿಯ ಹೊಸ ಚಿಗುರು ಕೊಳೀತದೆ. ಸುಡುವ ಅಂದ್ರೆ ಸುತ್ತ ಫ್ಲ್ಯಾಟಿನವರು ಹೊಗೆ ಅಂತ ಗಲಾಟೆ ಮಾಡ್ತಾರೆ."

ಹೊರೆಗೆ ಕೈ ಕೊಟ್ಟು ಅವಳ ತಲೆಗೂ ಏರಿಸಿದ. ಎಷ್ಟು ಒಳ್ಳೆಯವ ಮಾರಾಯ್ರೆ! ಜಯಕ್ಕ ಸಿಕ್ಕಿದವರ ಹತ್ತಿರವೆಲ್ಲ ಅವನನ್ನು ಹೊಗಳಿದಳು.

ಭಾನುವಾರ, ಎಲ್ಲ ನಾನೇ ಬಾಚಿಕೊಂಡರೆ ಚಂದವಾ ಅಂತ, ಒಂದು ಕಟ್ಟು ಹಿಡಿದು ಅವನ ಮನೆಗೆ ಹೋದಳು. ಅಂಗಳದಲ್ಲಿದ್ದ ಅವರ ಆಡು ಕಟ್ಟಿಗೆ ಬಾಯಿ ಹಾಕಿತು. ಲ್ಯಾನ್ಸಿಯ ಹೆಂಡತಿ ಹೆಲನ್ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಆಡಿನ ಬಾಯಿಗೆ ಬೆರಳು ಹಾಕಿ ಹುಲ್ಲು ಕಿತ್ತಳು.

"ಇದಕ್ಕೆ ಬೇಡ ಜಯಕ್ಕಾ, ಇವರು ಮದ್ದು ಹೊಡೆದದ್ದಲ್ವಾ ಈ ಹುಲ್ಲಿಗೆ..." ಅಂದವಳು ನಾಲಿಗೆ ಕಚ್ಚಿಕೊಂಡಳು.

"ಎಂತ ಮದ್ದು?" ಅಂದಳು ಜಯಕ್ಕ.

ಒಳಗಿಂದ ಲ್ಯಾನ್ಸಿ ಬಂದ. ತೆನೆಯೆಲ್ಲ ಒಟ್ಟಿಗೆ ಒಣಗಬೇಕಿತ್ತು, ಮಳೆ ಬರುವ ಹಾಗಿತ್ತು, ಅದಕ್ಕೆ ಕಳೆ ಸುಡುವ ಮದ್ದು ಹೊಡೆದದ್ದು, ಬುಡ ಮತ್ತೆ ಚಿಗುರ್ತದೆ ಅಂದ. ಎಲ್ಲ ನೆಲ ನೋಡಿಕೊಂಡೇ.

"ದನಕ್ಕೆ ಹಾಕಬಾರದು ಅಂತ ನಿನಗೆ ಗೊತ್ತಿತ್ತಾ?"

"ಡಬ್ಬದಲ್ಲಿ ಬರೆದಿತ್ತು... ಸ್ವಲ್ಪ ತಿಂದರೆ ಎಂತ ಆಗುದಿಲ್ಲ ಅಂತ ನಾನು... ಗದ್ದೆ ಖಾಲಿ ಆಗಬೇಕಿತ್ತಲ್ಲ ಜಯಕ್ಕಾ."

"ನಿನ್ನ ಆಡಿಗೆ ಆಗದ್ದು ನನ್ನ ಬೊಳ್ಳಿಗೆ ಆಗ್ತದಾ? ಉಂಡ ಮನೆಗೆ ಎರಡು ಬಗೆದೆಯಲ್ಲೋ ಪಾಪಿ!"

ಹೆಲನ್ ಅಳತೊಡಗಿದಳು. ಯಾರಿಗೆ ಬೇಕಿತ್ತು ಆ ಅಳು?

ಮನೆಗೆ ಬಂದ ಜಯಕ್ಕ ದನದ ಡಾಕ್ಟರಿಗೆ ಫೋನ್ ಮಾಡಿದಳು. "ಹುಲ್ಲು ಈಗಲೇ ನಿಲ್ಲಿಸಿ. ಕರು ಮಿಸುಕ್ತದಾ ನೋಡ್ತಾ ಇರಿ, ನಾನು ಹೊರಟೆ" ಅಂದರು. ಅವಳು ಉಳಿದ ಹುಲ್ಲನ್ನೆಲ್ಲ ಎಳೆದೆಳೆದು ಗದ್ದೆಗೆ ತಂದು, ಎಳೆ ಚಿಗುರಿನ ಮೇಲೆಯೇ ದಪ್ಪಗೆ ಹರಡಿದಳು. ಲ್ಯಾನ್ಸಿ ಬದುವಿನಲ್ಲಿ ನಿಂತು, "ಬೇಡ ಜಯಕ್ಕಾ, ಮುಂದಿನ ಬೆಳೆ ಹೋಗ್ತದೆ" ಅಂತ ಗೋಗರೆದ. ಅವಳು ತಿರುಗಿಯೂ ನೋಡಲಿಲ್ಲ.

ಆಮೇಲೆ ದನದ ಹಟ್ಟಿಗೆ ಹೋಗಿ ಬೊಳ್ಳಿಯ ಹೊಟ್ಟೆಗೆ ಅಂಗೈ ಒತ್ತಿ ಕೂತಳು. ಒಳಗೆ ಏನೂ ಅಲುಗಲಿಲ್ಲ. ಲ್ಯಾನ್ಸಿಗೆ ಶಾಪ ಹಾಕಹೊರಟವಳು ಅರ್ಧದಲ್ಲೇ ಬಿಟ್ಟಳು. ಮೊದಲ ದಿನ ಬೊಳ್ಳಿ ಆ ಹುಲ್ಲನ್ನು ಮೂಸಿ ಮುಖ ತಿರುಗಿಸಿತ್ತು. "ನಮ್ಮ ಲ್ಯಾನ್ಸಿ ಕೊಟ್ಟದ್ದು, ತಿನ್ನು ಮಗಾ" ಅಂತ ಬೆಲ್ಲದ ನೀರು ಚಿಮುಕಿಸಿ ತಿನ್ನಿಸಿದವಳು ಅವಳೇ.