ಹತ್ತೊಂಬತ್ತು ವರ್ಷದ ಕಾರಿಗೆ ಹೊಸ ಬೆಲ್ಟು

ಇದ್ವಲ್ ಬಾನೆಟ್ಟಿನೊಳಗಿಂದ ತಲೆ ಎತ್ತಿ, ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದ ರೀತಿಯಿಂದಲೇ ಎಲಿನೆಡ್‌ಗೆ ಸುದ್ದಿ ಗೊತ್ತಾಯಿತು. ಮೂವತ್ತು ವರ್ಷದಿಂದ ಅವಳು ಬರುತ್ತಿದ್ದುದು ಇದೇ ಗ್ಯಾರೇಜಿಗೆ. ಕಾರಿನಲ್ಲಿ ಹೆಚ್ಚೇನೂ ತೊಂದರೆ ಇಲ್ಲದಿದ್ದರೆ ಅವನು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ದೊಡ್ಡದೇನಾದರೂ ಇದ್ದರೆ ಮಾತ್ರ ಹೀಗೆ ಹತ್ತಿರ ಬಂದು ನಿಲ್ಲುತ್ತಿದ್ದ.

"ಟೈಮಿಂಗ್ ಬೆಲ್ಟು," ಎಂದ. "ಕೊನೇ ಸಲ ಯಾವಾಗ ಹಾಕ್ಸಿದ್ದೆ?"

"ನೀನೇ ಅಲ್ವಾ ಹಾಕಿದ್ದು. ಆಗ ಗ್ವಿಲಿಮ್ ಇನ್ನೂ ಇದ್ದ."

ಗ್ವಿಲಿಮ್ ಅವಳ ಗಂಡ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇದ್ವಲ್ ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆಯಾಡಿಸಿದ.

"ರಬ್ಬರೆಲ್ಲ ಬಿರುಕು ಬಿಟ್ಟಿದೆ. ಇನ್ನಾರು ತಿಂಗಳು ಬರಬಹುದು, ಇಲ್ಲ, ಆ ಸೇತುವೆ ದಾಟೋದ್ರೊಳಗೇ ಹೋಗಬಹುದು. ಓಡ್ತಿರೋವಾಗ ಹರೀತು ಅಂದ್ರೆ ಒಳಗೆ ಒಂದಕ್ಕೊಂದು ಬಡಕೊಂಡು ಇಂಜಿನ್ನೇ ಪುಡಿ. ಬೆಲ್ಟ್ ಹಾಕೋವಾಗ ನೀರಿನ ಪಂಪೂ ಬದಲಾಯಿಸ್ಬೇಕು. ಐನೂರು ಪೌಂಡ್ ಹತ್ರ ಬರತ್ತೆ. ಈ ಕಾರು ಮಾರಿದ್ರೆ ನಾನೂರು ಸಿಕ್ಕಿದ್ರೆ ನಿನ್ನ ಪುಣ್ಯ. ಹಾಕು ಅಂದ್ರೆ ನನಗೇ ಲಾಭ. ಆದ್ರೂ ಹೇಳ್ತೀನಿ, ಯೋಚನೆ ಮಾಡು."

"ಉಳಿದದ್ದೆಲ್ಲ ಹೇಗಿದೆ?"

"ತಳ ಗಟ್ಟಿಯಾಗಿದೆ. ತುಕ್ಕಿಲ್ಲ. ಉಳಿದದ್ದು..." ಅವನು ಭುಜ ಹಾರಿಸಿದ. "ನಮ್ಮಿಬ್ಬರ ಥರಾನೇ. ನಿಧಾನಕ್ಕೆ ಓಡಿಸ್ಕೊಂಡು ಮನೆಗೆ ಹೋಗು. ಗುಡ್ಡ ಮಾತ್ರ ಹತ್ತಬೇಡ."

ಗುಡ್ಡ ಹತ್ತುವುದೇ ಅವಳ ಕೆಲಸವಾಗಿತ್ತು. ಎಲಿನೆಡ್ ಮನೆಮನೆಗೆ ಹೋಗಿ ಕೂದಲು ಕತ್ತರಿಸುವವಳು. ಎರಡು ಕಣಿವೆಗಳಲ್ಲಿ ಚದುರಿಕೊಂಡಿದ್ದ ಕುರಿಸಾಕಣೆಯ ಮನೆಗಳಲ್ಲಿ, ಪೇಟೆಗೆ ಇಳಿದು ಬರಲಾಗದ ಮುದುಕಿಯರು ಅವಳ ದಾರಿ ಕಾಯುತ್ತಿದ್ದರು. ಕಾರಿನ ಹಿಂದಿನ ಸೀಟುಗಳನ್ನು ಎಂದೋ ಕಿತ್ತು ಹಾಕಿದ್ದಳು. ಆ ಜಾಗದಲ್ಲಿ ತಲೆ ತೊಳೆಯುವ ಬೋಗುಣಿ, ಟವೆಲ್ಲುಗಳ ಬುಟ್ಟಿ, ಕಾಲುಳ್ಳ ದೊಡ್ಡ ಕೂದಲೊಣಗಿಸುವ ಯಂತ್ರ. ಮುಂದಿನ ಸೀಟಿನ ತುಂಬ ಬಣ್ಣದ ಕಲೆಗಳು. ಯಾವ ಕಲೆ ಯಾರ ಕೂದಲಿನದು ಎಂದು ಕೇಳಿದರೆ ಅವಳು ಹೇಳಿಯಾಳು.

ಭಾನುವಾರ ಊಟಕ್ಕೆ ಮಗಳು ಮೆರೆರಿದ್ ಮತ್ತು ಅಳಿಯ ಗೆಥಿನ್ ಬಂದರು. ಗೆಥಿನ್ ಪೇಟೆಯಲ್ಲಿ ಕಾರು ಮಾರುವ ಮಳಿಗೆಯಲ್ಲಿದ್ದ. ಕೆಟ್ಟವನಲ್ಲ, ಆದರೆ ಯಾರಿಗೆ ಏನು ಒಳ್ಳೆಯದು ಎಂಬುದು ಅವರಿಗಿಂತ ಮೊದಲು ತನಗೇ ಹೊಳೆಯುತ್ತದೆ ಎಂದು ನಂಬಿದ್ದವನು. ಬೆಲ್ಟಿನ ಸುದ್ದಿ ಕೇಳಿದ್ದೇ ತಟ್ಟೆಯಲ್ಲಿದ್ದ ಕುರಿಮಾಂಸವನ್ನು ಮರೆತುಬಿಟ್ಟ.

"ಎಲಿನೆಡ್, ನಾನೂರರ ಕಾರಿಗೆ ಐನೂರು ಸುರಿಯೋದಾ? ನಮ್ಮಲ್ಲಿ ಹೊಸದೊಂದು ಬಂದಿದೆ. ಮೂರು ವರ್ಷಕ್ಕೆ ಬಾಡಿಗೆ. ಕೆಟ್ಟರೆ ನೋಡ್ಕೊಳ್ಳೋದು ನಮ್ಮ ಕೆಲಸ. ನಿಮಗೆ ಯಾವ ತಲೆನೋವೂ ಇಲ್ಲ."

"ಮೂರು ವರ್ಷ ಆದ್ಮೇಲೆ?"

"ವಾಪಸ್ ಕೊಟ್ಟು ಇನ್ನೊಂದು ತಗೊಳ್ಳೋದು."

"ಹಾಗಾದ್ರೆ ಅದು ಯಾವತ್ತೂ ನನ್ನದಾಗಲ್ಲ."

"ಅಮ್ಮ, ಅದೊಂದು ಕಾರು ಅಷ್ಟೇ," ಎಂದಳು ಮೆರೆರಿದ್.

"ನೋಡೋಣ," ಎಂದಳು ಎಲಿನೆಡ್, ಮಾತು ಮುಗಿಯಲಿ ಎಂದು. ಅವಳು ತಪ್ಪಿದ್ದು ಅಲ್ಲೇ. ಗೆಥಿನ್‌ನ ಕಸುಬಿನಲ್ಲಿ 'ನೋಡೋಣ' ಎಂದರೆ 'ಆಯಿತು' ಎಂದೇ ಅರ್ಥ.

ಗುರುವಾರ ಬೆಳಿಗ್ಗೆ ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಹೊರಗೆ ಲಾರಿ ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ, ಗುಜರಿಯವನೊಬ್ಬ ಅವಳ ಕಾರಿನ ಮುಂದೆ ಮಂಡಿಯೂರಿ ಕೊಕ್ಕೆ ಸಿಕ್ಕಿಸುವ ಜಾಗ ಹುಡುಕುತ್ತಿದ್ದ. ಲಾರಿಯ ಹಿಂದೆ ಬೆಳ್ಳಗೆ ಹೊಳೆಯುವ ಹೊಸ ಕಾರು. ಅದಕ್ಕೊರಗಿ ನಗುತ್ತ ನಿಂತಿದ್ದವನು ಗೆಥಿನ್.

ಎಲಿನೆಡ್ ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದಳು. ಯಾರಿಗೂ ಏನೂ ಹೇಳದೆ ತನ್ನ ಕಾರಿನ ಬಾಗಿಲು ತೆರೆದು, ಒಳಗೆ ಕೂತು, ಸೀಟ್ ಬೆಲ್ಟ್ ಕಟ್ಟಿಕೊಂಡು, ಕೈಯಲ್ಲಿದ್ದ ಬ್ರೆಡ್ಡು ತಿನ್ನತೊಡಗಿದಳು.

ಗುಜರಿಯವನು ಎದ್ದು ನಿಂತ. "ಇವರೂ ಸೇರಿನಾ?" ಎಂದು ಗೆಥಿನ್‌ನನ್ನು ಕೇಳಿದ.

"ಎಲಿನೆಡ್, ದಯವಿಟ್ಟು ಕೆಳಗಿಳೀರಿ. ನಿಮಗೆ ಖುಷಿಯಾಗ್ಲಿ ಅಂತಾನೇ ಇಷ್ಟೆಲ್ಲ ಮಾಡಿದ್ದು."

"ನನ್ನ ಕೇಳ್ದೆ ನನ್ನ ಕಾರು ಕೊಡೋಕೆ ನೀನ್ಯಾರು?"

"ಮಾಲೀಕರ ಸಹಿ ಇಲ್ದೆ ನಾನು ಮುಟ್ಟಲ್ಲಪ್ಪ," ಎಂದು ಗುಜರಿಯವನು ಕೊಕ್ಕೆಯನ್ನು ಲಾರಿಯೊಳಗೆ ಎಸೆದ.

ಎಲಿನೆಡ್ ಬ್ರೆಡ್ಡಿನ ಕೊನೆಯ ತುಣುಕನ್ನು ಬಾಯಿಗೆ ಹಾಕಿಕೊಂಡು ಇಳಿದಳು. "ಸರಿ ಗೆಥಿನ್. ನನ್ನ ಸಾಮಾನು ಆ ಕಾರಿಗೆ ತುಂಬು, ನೋಡ್ತೀನಿ."

ಅವನು ಕೋಟು ಕಳಚಿ ತುಂಬಲು ಹೊರಟ. ಬೋಗುಣಿ ಹಿಡಿಸಿತು. ಬುಟ್ಟಿಯೂ ಹಿಡಿಸಿತು. ಒಣಗಿಸುವ ಯಂತ್ರವನ್ನು ಅಡ್ಡಲಾಗಿ, ಉದ್ದಕ್ಕೆ, ತಲೆಕೆಳಗಾಗಿ ತುರುಕಿ ನೋಡಿದ. ಅದರ ಕಾಲು ಹೊಸ ಸೀಟಿಗೆ ತಗುಲಿದಾಗ ಅವನೇ ಬೆಚ್ಚಿ ಕೈ ಬಿಟ್ಟ.

"ಆ ಸೀಟಿಗೆ ಬಣ್ಣ ಚೆಲ್ಲಿದ್ರೆ?" ಎಂದು ಕೇಳಿದಳು.

"ವಾಪಸ್ ಕೊಡೋವಾಗ ಅದಕ್ಕೆ ದಂಡ ಇರತ್ತೆ."

"ಬ್ಲೈನ್‌ಕುಮ್ ಗುಡ್ಡದ ಕಲ್ಲುದಾರೀಲಿ ತಳ ಉಜ್ಜಿದ್ರೆ?"

ಗೆಥಿನ್ ಬೆವರೊರೆಸಿಕೊಂಡ. ಆಮೇಲೆ, ಇಷ್ಟು ದಿನ ನಾಲಿಗೆಯ ತುದಿಯಲ್ಲೇ ಇದ್ದ ಮಾತನ್ನು ಆಡಿಯೇಬಿಟ್ಟ. "ಆ ಗುಡ್ಡಗಳಿಗೆ ಹೋಗೋದನ್ನೇ ಬಿಟ್ಬಿಡಿ. ಅರವತ್ತೊಂಬತ್ತಾಯ್ತು ನಿಮಗೆ. ಮೆರೆರಿದ್‌ಗೂ ಅದೇ ಚಿಂತೆ. ಕೂದಲು ಬೆಳೆದು ಯಾರೂ ಸತ್ತಿಲ್ಲ."

ಎಲಿನೆಡ್‌ಳ ಕಿವಿ ಬಿಸಿಯಾಯಿತು. ಕಾರಿನ ಮಾತು ಕಾರಿನದಷ್ಟೇ ಅಲ್ಲ ಎಂಬುದು ಭಾನುವಾರವೇ ಅವಳ ಮನಸ್ಸಿಗೆ ಬಂದಿತ್ತು. ಈಗ ಬಾಯಿಬಿಟ್ಟು ಹೇಳಿದ್ದೇ ಒಳ್ಳೆಯದಾಯಿತು ಅನ್ನಿಸಿತು. ದನಿ ಏರಿಸದೆ, ಕಡ್ಡಿ ಮುರಿದ ಹಾಗೆ ಹೇಳಿದಳು.

"ಬ್ಲೈನ್‌ಕುಮ್‌ನ ತೆಗ್ವೆನ್ ನಾಲ್ಕು ವರ್ಷದಿಂದ ಮನೆಯ ಹೊಸಿಲು ದಾಟಿಲ್ಲ. ತಿಂಗಳಿಗೊಂದ್ಸಲ ನಾನು ತಲೆ ತೊಳೆದು ಕೊಡ್ತೀನಿ, ಅವತ್ತು ಅವಳು ಕನ್ನಡಿ ಕೇಳ್ತಾಳೆ. ಉಳಿದ ದಿನ ಕೇಳಲ್ಲ. ನೀನು ಹೋಗ್ತೀಯಾ ಅವಳ ಮನೆಗೆ? ಹೋಗೋದಾದ್ರೆ ಹೇಳು, ಈಗ್ಲೇ ಕತ್ತರಿ ಕೊಡ್ತೀನಿ. ನನಗೆ ಸಾಕು ಅನ್ನಿಸಿದ ದಿನ ನಾನೇ ಬಿಡ್ತೀನಿ. ಅದನ್ನ ನೀನೂ ಹೇಳ್ಬೇಡ, ಮೆರೆರಿದ್ದೂ ಹೇಳೋದು ಬೇಡ."

ಗುಜರಿಯವನು ಸದ್ದಿಲ್ಲದೆ ಲಾರಿ ಹತ್ತಿ ಹೊರಟುಹೋದ. ಎಲಿನೆಡ್ ಬೋಗುಣಿ, ಬುಟ್ಟಿ, ಯಂತ್ರ ಎಲ್ಲವನ್ನೂ ತನ್ನ ಕಾರಿಗೇ ಮರಳಿ ತುಂಬಿದಳು. ಗೆಥಿನ್ ಕೈ ಜೋಡಿಸಲು ಬಂದಾಗ ಬೇಡವೆನ್ನಲಿಲ್ಲ. ಆಮೇಲೆ ಇಂಜಿನ್ನಿನ ಒಂದೊಂದು ಸದ್ದಿಗೂ ಕಿವಿಗೊಡುತ್ತ, ಆಮೆಯ ಹಾಗೆ ಸೇತುವೆ ದಾಟಿ ಇದ್ವಲ್‌ನ ಗ್ಯಾರೇಜು ತಲುಪಿದಳು.

"ಹಾಕು," ಎಂದಳು.

"ಯೋಚನೆ ಮಾಡಿದ್ಯಾ?"

"ನಾನು ಮಾಡಿದ್ದು ಸಾಲದೂಂತ ಊರೆಲ್ಲ ಮಾಡಿದ್ದಾಯ್ತು. ಹಾಕು."

ಎರಡು ದಿನದ ಕೆಲಸ. ಎರಡನೆಯ ದಿನ ಅವಳು ಗ್ಯಾರೇಜಿನಲ್ಲೇ ನಿಂತು ನೋಡಿದಳು. ಇದ್ವಲ್ ಹಳೆಯ ಬೆಲ್ಟನ್ನು ಬಿಚ್ಚಿ ಬೆರಳುಗಳ ನಡುವೆ ಬಗ್ಗಿಸಿದಾಗ, ಅದರ ಮೂರು ಹಲ್ಲುಗಳು ಒಣ ರೊಟ್ಟಿಯ ಚೂರಿನಂತೆ ಉದುರಿ ನೆಲಕ್ಕೆ ಬಿದ್ದವು. ಇಷ್ಟು ದಿನ ಇದನ್ನೇ ನಂಬಿಕೊಂಡು ಗುಡ್ಡದ ತಿರುವುಗಳಲ್ಲಿ ಓಡಾಡಿದ್ದನ್ನು ನೆನೆದು ಅವಳಿಗೆ ಎದೆ ಝಲ್ಲೆಂದಿತು. ಆದರೂ ಕಾರನ್ನು ಗುಜರಿಗೆ ಕೊಟ್ಟುಬಿಡಬೇಕಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ಸೋಮವಾರ ಬ್ಲೈನ್‌ಕುಮ್‌ನ ಕಲ್ಲುದಾರಿಯನ್ನು ಎರಡನೇ ಗೇರಿನಲ್ಲಿ ಏರಿದಳು. ತೆಗ್ವೆನ್ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ನಿನ್ನ ಕಾರು ಗುಜರಿಗೆ ಹೋಯ್ತು ಅಂದ್ರು."

"ಯಾರಂದ್ರು?"

"ಅಂಚೆಯವನು. ಜೊತೆಗೆ ನಿನ್ನನ್ನೂ ತಗೊಂಡು ಹೋದ್ರಂತೆ."

ಎಲಿನೆಡ್ ನಗುತ್ತ ನೀರು ಬೆಚ್ಚಗಿದೆಯೇ ಎಂದು ಮೊಣಕೈ ಅದ್ದಿ ನೋಡಿದಳು.

ಮೂರು ವಾರ ಕಳೆದ ಮೇಲೆ, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಜನ ಹೊರಬರುತ್ತಿದ್ದಾಗಲೇ, ಅವಳ ಕಾರಿನ ಹೊಗೆಕೊಳವೆ ಕಳಚಿ ರಸ್ತೆಗೆ ಬಿದ್ದು ಕಿಡಿ ಹಾರಿಸಿತು. ಸದ್ದು ಗುಡ್ಡಕ್ಕೆ ಬಡಿದು ಮರಳಿತು. ಎಲ್ಲರೂ ತಿರುಗಿ ನೋಡಿದರು. ಮೆರೆರಿದ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗೆಥಿನ್ ಕಾರಿನ ಬಳಿ ಬಂದ. ನಾನು ಹೇಳಿರಲಿಲ್ಲವೇ ಎನ್ನಲು ಅವನು ಬಾಯಿ ತೆರೆದದ್ದು ಎಲಿನೆಡ್‌ಗೆ ಕಾಣಿಸಿತು. ಅವನಿಗೂ ಅವಳ ಮುಖ ಕಾಣಿಸಿರಬೇಕು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ. ಬೇಲಿಯಿಂದ ಒಂದು ತುಂಡು ತಂತಿ ಬಿಡಿಸಿಕೊಂಡು ಬಂದು, ಭಾನುವಾರದ ಸೂಟಿನಲ್ಲೇ ಒದ್ದೆ ರಸ್ತೆಯ ಮೇಲೆ ಅಂಗಾತ ಮಲಗಿ ಕಾರಿನಡಿಗೆ ನುಸುಳಿದ.

"ಇವತ್ತು ಇದು," ಎಂದು ಅವನ ದನಿ ಕೆಳಗಿನಿಂದ ಬಂತು. "ಮುಂದಿನ ವರ್ಷ ಕ್ಲಚ್ಚು ಹೋಗತ್ತೆ, ಬರೆದಿಟ್ಕೊಳ್ಳಿ."

"ಹೋಗ್ಲಿ," ಎಂದಳು ಎಲಿನೆಡ್. "ಅದನ್ನೂ ಹಾಕಿಸ್ತೀನಿ. ನೀನು ತಂತಿ ಗಟ್ಟಿಯಾಗಿ ಬಿಗಿ."