ಮುಂಬಾಗಿಲಿನಿಂದ ಬಂದ ಪುಡ್ಡಿಂಗ್

ನಮ್ಮೂರಿನಲ್ಲಿ ಮುಂಬಾಗಿಲನ್ನು ಯಾರೂ ಬಳಸುವುದಿಲ್ಲ. ಪಾದ್ರಿಗಳು ಬಂದರೆ, ವಿಮೆಯವನು ಬಂದರೆ, ಇಲ್ಲವೇ ಮನೆಯಲ್ಲಿ ಯಾರಾದರೂ ಸತ್ತರೆ ಮಾತ್ರ ಅದು ತೆರೆಯುತ್ತದೆ. ಮನೆಯವರ, ಆಪ್ತರ ಓಡಾಟವೆಲ್ಲ ಅಡುಗೆಮನೆಯ ಹಿಂಬಾಗಿಲಿನಿಂದಲೇ. ಇದು ಚೆನ್ನಾಗಿ ಗೊತ್ತಿದ್ದೂ ಆ ಮಂಗಳವಾರ ಬೆಳಿಗ್ಗೆ ನಾನು ಬಟ್ಟೆ ಮುಚ್ಚಿದ ಪಾತ್ರೆಯೊಂದನ್ನು ಹಿಡಿದುಕೊಂಡು ಮುಂಬಾಗಿಲಿನಿಂದ ಒಳಗೆ ಹೋದೆ. ತಪ್ಪು ನನ್ನದೇ.

ಹಿಂದಿನ ಸಂಜೆ ನನ್ನ ಮಾವ ಹೋಯ್ಟ್ ಹಿಂಬಾಗಿಲ ಮೆಟ್ಟಿಲುಗಳಿಗೆ ಹಸಿರು ಬಣ್ಣ ಬಳಿದಿದ್ದರು. ಅಲಬಾಮಾದ ಜುಲೈ ತಿಂಗಳ ಹಸಿಗಾಳಿಗೆ ಅದು ಒಣಗಿರಲಿಲ್ಲ. ಪಾತ್ರೆಯಲ್ಲಿದ್ದದ್ದು ಅವರೆಕಾಳು. ಅಂಗಳದ ಮರದ ಕೆಳಗೆ ಕೂತು ಬಿಡಿಸಿದ್ದೆ, ನೊಣ ಕೂರದಿರಲೆಂದು ಬಟ್ಟೆ ಹೊದಿಸಿದ್ದೆ. ಚಿಕ್ಕ ಮಗ ವೇಡ್‌ಗೆ ಹಲ್ಲು ಬರುತ್ತಿತ್ತು. ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿದ್ದನೆಂದು ಕಿಟಕಿಯ ಪರದೆಗಳನ್ನೆಲ್ಲ ಎಳೆದಿದ್ದೆ. ಇನ್ನು ಮಾವನ ಪ್ಯಾಂಟು ಬಣ್ಣವಾಗಿ ಬಕೆಟ್ಟಿನಲ್ಲಿ ನೆನೆಯುತ್ತಿದ್ದುದರಿಂದ ಅವರು ಒಳಚಡ್ಡಿಯಲ್ಲಿ ಒಳಗೇ ಕೂತಿದ್ದರು. ಎಂಬತ್ತೊಂದು ವರ್ಷದ ಅವರು ದಿನಾ ಬೆಳಿಗ್ಗೆ ಕೂರುವ ವರಾಂಡದ ಕುರ್ಚಿ ಖಾಲಿಯಾಗಿತ್ತು.

ಎದುರುಮನೆಯ ವರ್ನೀಸ್ ಪಾತ್ರೆ ತೊಳೆಯುತ್ತಾ ತನ್ನ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಎಳೆದ ಪರದೆ, ಖಾಲಿ ಕುರ್ಚಿ, ಮುಚ್ಚಿದ ಪಾತ್ರೆ, ಮುಂಬಾಗಿಲು. ಚರ್ಚಿನ ಹೆಂಗಸರಲ್ಲಿ ಸಾವಿನ ಸುದ್ದಿ ಮುಟ್ಟಿಸುವ ಜವಾಬ್ದಾರಿ ಇಪ್ಪತ್ತು ವರ್ಷದಿಂದ ಅವಳದೇ. ಅವಳು ಹನ್ನೊಂದು ಮನೆಗೆ ಫೋನ್ ಮಾಡುತ್ತಾಳೆ, ಆ ಹನ್ನೊಂದು ಮನೆಯವರು ಉಳಿದ ಊರಿಗೆ ಮಾಡುತ್ತಾರೆ, ಸಾವಿನ ಮನೆಗೆ ಊಟ ಕೊಂಡೊಯ್ಯಲು ಊರು ಒಲೆ ಹಚ್ಚುತ್ತದೆ.

ಅರ್ಧ ಗಂಟೆಯಲ್ಲಿ ಅವಳು ಮುಂಬಾಗಿಲಲ್ಲಿದ್ದಳು. ಕೈಯಲ್ಲಿ ಬೇಯಿಸಿ, ಒಳಗಿನ ಹಳದಿಯನ್ನು ಸಾಸಿವೆಯೊಂದಿಗೆ ಕಲಸಿ ಮತ್ತೆ ತುಂಬಿದ ಮೊಟ್ಟೆಗಳ ತಟ್ಟೆ.

"ಡಾರ್ಲೀನ್, ಮಗಾ," ಎಂದು ತಬ್ಬಿಕೊಂಡಳು. "ಒಂದ್ ಮಾತೂ ಆಡ್ಬೇಡ. ಮೊದ್ಲು ಒಂದ್ ಮೊಟ್ಟೆ ತಿನ್ನು."

ನಾನು ಏನೋ ಕೇಳಲು ಬಾಯಿ ತೆರೆದೆ, ಮೊಟ್ಟೆ ಒಳಗೆ ಬಂತು. ವರ್ನೀಸಳ ಮೊಟ್ಟೆ ಬಾಯಲ್ಲಿರುವಾಗ ಯಾರಿಗೂ ಬೇರೇನೂ ಬೇಕೆನಿಸುವುದಿಲ್ಲ. ನಾನು ನುಂಗುವಷ್ಟರಲ್ಲಿ ಅವಳು ಟೀಗೆ ನೀರಿಟ್ಟು, ನನ್ನ ಮುಳ್ಳುಚಮಚಗಳನ್ನು ಎಣಿಸಿ, ಸಾಲದೆಂದು ತಲೆಯಾಡಿಸಿದ್ದಳು.

ಅಷ್ಟರಲ್ಲಿ ಮಾವ ಒಂದು ಕೌದಿ ಸುತ್ತಿಕೊಂಡು ಅಡುಗೆಮನೆಗೆ ಬಂದರು. "ಏನದು, ಮೊಟ್ಟೆನಾ?"

ವರ್ನೀಸ್ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಹೋಯ್ಟ್! ನೀನು ಸತ್ತಿಲ್ವಾ?"

"ಇನ್ನೂ ಇಲ್ಲ. ಯಾಕೆ?"

"ಯಾಕಂತೆ! ಹನ್ನೊಂದು ಮನೆಗೂ ಹೇಳಿ ಆಯ್ತಲ್ಲೋ ಮಾರಾಯ!"

"ತಿರುಗ ಫೋನ್ ಮಾಡಿ ಹೇಳ್ಬಿಡು ವರ್ನೀಸ್," ಎಂದೆ ನಾನು.

"ಏನಂತ ಹೇಳ್ಲಿ? ಕೋಳಿ ಎಣ್ಣೆಗೆ ಬಿದ್ದಿರುತ್ತೆ. ಸಾವಿನ ಮನೆಗೆ ಅಂತ ಮಾಡಿದ್ದನ್ನ ಯಾರು ತಮ್ಮನೇಲಿ ಇಟ್ಕೋತಾರೆ? ತಂದೇ ತರ್ತಾರೆ." ಅವಳು ಮಾವನ ಕಡೆ ಕಣ್ಣು ಬಿಟ್ಟಳು. "ನೀನಾದ್ರೂ ಬೆಳಿಗ್ಗೆ ಹೊರಗೆ ಬಂದು ಕೂರೋದಲ್ವಾ!"

"ತಪ್ಪಾಯ್ತು," ಎಂದರು ಮಾವ, ಮತ್ತೊಂದು ಮೊಟ್ಟೆಗೆ ಕೈ ಹಾಕುತ್ತಾ.

ಅವಳು ಹೇಳಿದಂತೆಯೇ ಆಯಿತು. ಹತ್ತು ಗಂಟೆಯಿಂದ ಮುಂಬಾಗಿಲು ಮುಚ್ಚಲೇ ಇಲ್ಲ. ಕರಿದ ಕೋಳಿ ಬಂತು, ಜೇನು ಸವರಿ ಬೇಯಿಸಿದ ಹಂದಿಯ ತೊಡೆ ಬಂತು, ಚೀಸ್ ಕರಗಿಸಿದ ಮ್ಯಾಕರೋನಿ, ಕೊಬ್ಬಿನ ತುಂಡು ಹಾಕಿ ಬೇಯಿಸಿದ ಸೊಪ್ಪು, ಅಕ್ಕಿ ಮತ್ತು ಕೋಳಿಯನ್ನು ಸೇರಿಸಿ ಓವನ್ನಿನಲ್ಲಿಟ್ಟದ್ದೇ ಐದು ಬಗೆ. ಪ್ರತಿಯೊಂದರ ತಳಕ್ಕೂ ಮನೆಯವರ ಹೆಸರು ಬರೆದ ಕಾಗದದ ಪಟ್ಟಿ. ಹಾಕಿಕೊಳ್ಳಲು ಬೇರೆ ಪ್ಯಾಂಟಿಲ್ಲದೆ ಮಾವ ಅತ್ತೆಯ ಅಂತ್ಯಕ್ರಿಯೆಗೆ ಹಾಕಿದ್ದ ಕರೀ ಸೂಟು ತೊಟ್ಟು ನಡುಮನೆಯ ಸೋಫಾದ ಮೇಲೆ ಕೂತಿದ್ದರು. ಬಂದವರು ಅವರನ್ನು ನೋಡಿ ಒಂದು ಕ್ಷಣ ನಿಲ್ಲುತ್ತಿದ್ದರು. ಆದರೆ ಸಾವಿನ ಮನೆಗೆಂದು ಬಂದು ಎರಡು ಮಾತು ಹೇಳದೆ ಇರುವುದು ಹೇಗೆ?

"ಹೋಯ್ಟ್, ನಿನ್ನ ವಿಷಯ ಕೇಳಿ ತುಂಬಾ ಬೇಜಾರಾಯ್ತು."

"ನಂಗೂ ಆಯ್ತು. ಏನ್ ಮಾಡೋದು."

"ಒಳ್ಳೆ ಮನುಷ್ಯ ಆಗಿದ್ದೆ ಕಣಯ್ಯ."

"ಎಲ್ರೂ ಹಾಗೇ ಅಂತಿದಾರೆ. ಆ ಸೌತೆಕಾಯಿ ಉಪ್ಪಿನಕಾಯಿ ಈ ಕಡೆ ಕೊಡು."

ಮಧ್ಯಾಹ್ನ ನನ್ನ ಗಂಡ ಕರ್ಟಿಸ್ ಮರ ಕೊಯ್ಯುವ ಕಾರ್ಖಾನೆಯಿಂದ ಓಡಿ ಬಂದ. ತಲೆಯ ತುಂಬ ಮರದ ಪುಡಿ, ಕೆನ್ನೆಯ ಮೇಲೆ ಕಣ್ಣೀರಿನ ಎರಡು ಗೆರೆ. "ಅಪ್ಪಾ!"

"ಕೂಗ್ಬೇಡ್ವೋ, ಮಗು ಮಲಗಿದೆ. ತಟ್ಟೆ ತಗೋ."

ಅವನು ಗೋಡೆಗೆ ಆತುಕೊಂಡು ಒಂದು ನಿಮಿಷ ನಿಂತ. ಆಮೇಲೆ ತಟ್ಟೆ ತೆಗೆದುಕೊಂಡ.

ಇಷ್ಟೆಲ್ಲ ಬಂದರೂ ಮಾವ ನಿಜವಾಗಿ ತಿಂದದ್ದು ಮೂರು ಮೊಟ್ಟೆ, ಒಂದು ಉಪ್ಪಿನಕಾಯಿ. ಉಳಿದದ್ದನ್ನೆಲ್ಲ ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳುತ್ತಿದ್ದರು. ನನಗೆ ಅದು ಹೊಸದಲ್ಲ. ಅತ್ತೆ ಮೇವಿಸ್ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮಾವನ ಊಟವೆಂದರೆ ಮುಸುಕಿನ ಜೋಳದ ಬ್ರೆಡ್ಡನ್ನು ಒಂದು ಲೋಟ ಮಜ್ಜಿಗೆಗೆ ಪುಡಿಮಾಡಿ ಹಾಕಿಕೊಂಡು ಚಮಚದಲ್ಲಿ ತಿನ್ನುವುದು. ನಾನು ಏನು ಮಾಡಿಟ್ಟರೂ "ನಾಲಿಗೆಗೆ ಗೊತ್ತೇ ಆಗಲ್ಲಮ್ಮ" ಎನ್ನುತ್ತಿದ್ದರು. ಅವರ ಬೆಲ್ಟಿಗೆ ನಾನೇ ಮೊಳೆಯಿಂದ ಎರಡು ಹೊಸ ತೂತು ಮಾಡಿಕೊಟ್ಟಿದ್ದೆ.

ಅವರು ನನ್ನನ್ನು ಹತ್ತಿರ ಕರೆದರು. "ಡಾರ್ಲೀನ್, ಯೂಲಾ ಬಂದ್ಲಾ?"

ತೊರೆಯ ತಿರುವಿನ ಯೂಲಾ. ಅವಳ ಬಾಳೆಹಣ್ಣಿನ ಪುಡ್ಡಿಂಗ್ ಊರಿಗೇ ಹೆಸರು, ಆದರೆ ಅವಳು ಅದನ್ನು ಮಾಡುವುದು ಸಾವಿನ ಮನೆಗೆ ಮಾತ್ರ. ಮೂವತ್ತೊಂದು ವರ್ಷದ ಹಿಂದೆ ಸುಗ್ಗಿಯ ಮೇಳದ ಅಡುಗೆ ಸ್ಪರ್ಧೆಯಲ್ಲಿ ಮಾವ ತೀರ್ಪುಗಾರರಾಗಿದ್ದರು. ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಸ್ವಂತ ಹೆಂಡತಿಯ ಪುಡ್ಡಿಂಗಿಗೆ ಕೊಟ್ಟರು. ಬದುಕಿರುವವರ ಬಾಯಿಗೆ ನ್ಯಾಯವಿಲ್ಲ, ಇನ್ನು ಅವರಿಗಾಗಿ ಮಾಡುವುದಿಲ್ಲ ಎಂದು ಯೂಲಾ ಅಂದೇ ಹೇಳಿ ಹೋದವಳು, ಮಾತು ತಪ್ಪಿಲ್ಲ.

"ಮೇವಿಸ್ ಹೋದಾಗ ತಂದಿದ್ಲು," ಎಂದರು ಮಾವ ಮೆಲ್ಲಗೆ. "ನಂಗೆ ಅವತ್ತು ಗಂಟಲಲ್ಲಿ ನೀರೂ ಇಳೀಲಿಲ್ಲ. ಮೂರು ದಿನ ಆದ್ಮೇಲೆ ನೆನಪಾಯ್ತು. ಹೋಗಿ ನೋಡಿದ್ರೆ ಬೋಗುಣಿ ತೊಳೆದು ಕವುಚಿ ಹಾಕಿತ್ತು. ಅದೊಂದು ತಿನ್ಬೇಕು ಅನ್ಸತ್ತಮ್ಮ. ಅದೊಂದೇ."

ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿ ಅವರು ಏನನ್ನೋ ತಿನ್ನಬೇಕು ಎಂದಿದ್ದರು. ನಾನು ವರ್ನೀಸಳನ್ನು ಹುಡುಕಿದೆ.

"ಯೂಲಾ ಮನೇಲಿ ಫೋನಿಲ್ಲ," ಎಂದಳು ಅವಳು. "ಬೆಳಿಗ್ಗೆ ಅಂಚೆಯವನ ಹತ್ರ ಹೇಳಿ ಕಳಿಸ್ದೆ."

"ಸತ್ತ ಅಂತ್ಲಾ, ಬದುಕಿದಾನೆ ಅಂತ್ಲಾ?" ಸೋಫಾದಿಂದ ಮಾವನ ದನಿ.

"ಸತ್ತ ಅಂತ."

"ಹಾಗಾದ್ರೆ ಇವತ್ತೊಂದಿನ ಸತ್ತಿರ್ತೀನಿ."

ಕೋಳಿಯ ಕಾಲು ಹಿಡಿದಿದ್ದ ಪಾದ್ರಿಗಳು ಎದ್ದು ನಿಂತರು. "ಹೋಯ್ಟ್, ಅದು ಸುಳ್ಳಾಗುತ್ತೆ."

"ನಾನೆಲ್ಲಿ ಸುಳ್ಳು ಹೇಳ್ತೀನಿ ಪಾದ್ರಿಗಳೇ? ಸತ್ತೋರು ಮಾತೇ ಆಡಲ್ಲ."

ಪಾದ್ರಿಗಳು ಯೋಚಿಸಿದರು. "ಯೂಲಾ ಪುಡ್ಡಿಂಗ್ ಮೇಲೆ ಹಾಕೋದು ಕೆನೆನಾ, ಮೊಟ್ಟೆ ಬಿಳಿಯ ನೊರೆನಾ?"

"ನೊರೆ. ಓವನ್ನಲ್ಲಿ ಕೆಂಪಗೆ ಮಾಡಿರ್ತಾಳೆ."

ಪಾದ್ರಿಗಳು ಮತ್ತೆ ಕೂತರು.

ನಾಲ್ಕು ಗಂಟೆಯವರೆಗೂ ಯಾರೂ ಮನೆಗೆ ಹೋಗಲಿಲ್ಲ. ನಾನು ಪಾತ್ರೆ ತೊಳೆದೆ, ವೇಡ್‌ಗೆ ಹಾಲು ಕೊಟ್ಟೆ, ಮಾವನ ಪ್ಯಾಂಟು ಹಿಂಡಿ ಹಗ್ಗದ ಮೇಲೆ ಹಾಕಿದೆ. ಐದು ವರ್ಷದ ಮಗಳು ಟೆಸ್ಸಿ ಕಿಟಕಿಯ ಪರದೆಯ ಹಿಂದೆ ಕಾವಲು ನಿಂತಿದ್ದಳು. ಇದ್ದಕ್ಕಿದ್ದಂತೆ ಕಿರುಚಿದಳು:

"ಯೂಲಜ್ಜಿ ಬಂದ್ರು! ತಾತ, ಸಾಯಿ!"

ಮಾವ ದಡಬಡ ಮಲಗಿ ಎದೆಯ ಮೇಲೆ ಕೈ ಜೋಡಿಸಿದರು. ಕರ್ಟಿಸ್ ಕೌದಿ ಹೊದಿಸಿದ. ತಿನ್ನುತ್ತಿದ್ದವರೆಲ್ಲ ತಟ್ಟೆ ಹಿಡಿದೇ ತಲೆ ತಗ್ಗಿಸಿದರು.

ಎಪ್ಪತ್ತೆಂಟರ ಯೂಲಾ ಗಿಡ್ಡ ಹೆಂಗಸು. ತಲೆಗೆ ಚರ್ಚಿನ ಟೋಪಿ, ಕೈಯಲ್ಲಿ ನ್ಯೂಸ್‌ಪೇಪರು ಸುತ್ತಿದ ದೊಡ್ಡ ಬೋಗುಣಿ. ಬಿಸಿಲಲ್ಲಿ ಒಂದು ಮೈಲಿ ನಡೆದು ಬಂದಿದ್ದಳು. ನೇರವಾಗಿ ಸೋಫಾದ ಬಳಿ ಹೋಗಿ ನಿಂತಳು.

"ಚೆನ್ನಾಗಿ ಕಾಣ್ತಿದಾನೆ."

"ಹೌದು ಯೂಲಾ," ಎಂದಳು ವರ್ನೀಸ್. "ಇದ್ದಾಗ ಹೆಂಗಿದ್ನೋ ಹಂಗೇ ಇದಾನೆ."

"ಉಗುರಲ್ಲಿ ಹಸಿರು ಬಣ್ಣ ಏನದು?"

ಕರ್ಟಿಸ್ ಕೌದಿಯನ್ನು ಮಾವನ ಕೈಗಳ ಮೇಲಕ್ಕೆ ಎಳೆದ. ಯೂಲಾ ನ್ಯೂಸ್‌ಪೇಪರು ಬಿಚ್ಚಿ ಬೋಗುಣಿಯನ್ನು ಮಾವನ ಮೂಗಿನ ಕೆಳಗೆ ಹಿಡಿದಳು. ಮೂಗಿನ ಹೊಳ್ಳೆಗಳು ಅರಳಿದವು. ಕೌದಿಯ ಒಳಗಿಂದ ಹೊಟ್ಟೆ ಗುರ್ರೆಂದಿತು.

"ಅಂಚೆಯವನು ಎರಡು ಸಲ ಬಂದಿದ್ದ ಹೋಯ್ಟ್," ಎಂದಳು ಯೂಲಾ. "ಮೊದಲ್ನೇ ಸಲ ನೀನು ಸತ್ತೆ ಅಂದ. ಆಮೇಲೆ ಇಲ್ಲೇ ಬಂದು ಉಂಡು ಹೋಗ್ತಾ, ಬದುಕಿದೀಯ ಅಂದ. ಅಷ್ಟೊತ್ತಿಗೆ ನೊರೆ ಕೆಂಪಾಗಿತ್ತು."

ಮಾವ ಒಂದು ಕಣ್ಣು ತೆರೆದರು. "ವಾಪಸ್ ತಗೊಂಡು ಹೋಗ್ತೀಯಾ?"

"ಅದು ನಿನ್ನ ಮೇಲಿದೆ. ಅವತ್ತು ಮೇಳದಲ್ಲಿ ನನ್ನ ಪುಡ್ಡಿಂಗ್ ರುಚಿಯಲ್ಲಿ ಏನು ಕಮ್ಮಿ ಇತ್ತು? ಅಷ್ಟು ಹೇಳು."

ಮಾವ ಎದ್ದು ಕೂತರು. ಬೋಗುಣಿಯ ಕಡೆ ನೋಡಿದರು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಬೋಗುಣಿ ಅವರ ಮಡಿಲಿಗೆ ಬರುತ್ತಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಪಾದ್ರಿಗಳು ಪಕ್ಕದಲ್ಲೇ ಇದ್ದರೂ.

"ನಿನ್ನದನ್ನ ನಾನು ಬಾಯಿಗೇ ಇಡ್ಲಿಲ್ಲ ಯೂಲಾ," ಎಂದರು. "ಮೇವಿಸ್ ನನ್ನೇ ನೋಡ್ತಾ ನಿಂತಿದ್ಲು."

ಯಾರದೋ ಕೈಯಿಂದ ಚಮಚ ನೆಲಕ್ಕೆ ಬಿತ್ತು.

"ಬಾಯಿಗೇ ಇಡ್ಲಿಲ್ವಾ!" ಯೂಲಾಳ ಟೋಪಿ ನಡುಗಿತು. "ವೆನಿಲಾ ಜಾಸ್ತಿ ಆಯ್ತೇನೋ ಅಂತ ಮೂವತ್ತೊಂದು ವರ್ಷ ಕೊರಗಿದೀನಲ್ಲೋ ಪಾಪಿ! ಒಂದೊಂದು ಸಾವಿಗೆ ಒಂದೊಂದು ಹನಿ ಕಮ್ಮಿ ಮಾಡ್ತಾ ಬಂದಿದೀನಿ!"

ಅವಳು ಬಾಗಿಲ ಕಡೆ ತಿರುಗಿದಳು. ಎರಡು ಹೆಜ್ಜೆ ಇಟ್ಟಳು. ನಿಂತಳು. ಮತ್ತೆ ಬಂದು ಬೋಗುಣಿಯನ್ನು ಮಾವನ ತೊಡೆಯ ಮೇಲೆ ಕುಕ್ಕಿದಳು.

"ಈಗ ತಿನ್ನು. ತಿಂದು ಹೇಳು."

ಟೆಸ್ಸಿ ಚಮಚ ತಂದುಕೊಟ್ಟಳು. ಮೇಲಿನ ಕೆಂಪು ನೊರೆ ಮೆಲ್ಲನೆ ಒಡೆಯಿತು. ಅದರ ಕೆಳಗೆ ಹಳದಿ ಹಾಲುಪಾಕ, ಬಾಳೆಹಣ್ಣಿನ ಬಿಲ್ಲೆ, ನೆನೆದು ಕೇಕಿನಂತಾದ ಬಿಸ್ಕತ್ತು. ಮಾವ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದು ಚಮಚ. ಇನ್ನೊಂದು. ಅವರ ಗಂಟಲು ಏರಿಳಿಯುವುದನ್ನು ನಾನು ಮಗುವಿಗೆ ಅನ್ನ ತಿನ್ನಿಸುವಾಗ ನೋಡುವಂತೆ ನೋಡುತ್ತಿದ್ದೆ.

"ಗೊತ್ತಾಗ್ತಿದೆ," ಎಂದರು ನನ್ನ ಕಡೆ ತಿರುಗಿ. "ಡಾರ್ಲೀನ್, ರುಚಿ ಗೊತ್ತಾಗ್ತಿದೆ ಕಣಮ್ಮ."

"ನನಗೆ ಹೇಳು!" ಎಂದಳು ಯೂಲಾ.

"ವೆನಿಲಾ ಇನ್ನೊಂದು ಸ್ವಲ್ಪ ಇರ್ಬೇಕಿತ್ತು."

ಯೂಲಾ ಧಪ್ಪನೆ ಕುರ್ಚಿಯ ಮೇಲೆ ಕೂತಳು. "ನನಗೆ ಗೊತ್ತಿತ್ತು," ಎಂದಳು. "ಗೊತ್ತಿತ್ತು!" ಟೋಪಿ ತೆಗೆದು ಅದರಿಂದಲೇ ಗಾಳಿ ಹಾಕಿಕೊಂಡಳು. "ಈಗ ಹೇಳು, ರಿಬ್ಬನ್ ಯಾರಿಗೆ ಸೇರ್ಬೇಕಿತ್ತು?"

"ನಿನ್ನದೇ ಚೆನ್ನಾಗಿದೆ. ಅವಳದು ಇಷ್ಟು ಚೆನ್ನಾಗಿರ್ಲಿಲ್ಲ." ಮಾವ ಚಮಚ ನೆಕ್ಕಿದರು. "ರಿಬ್ಬನ್ ಮೇವಿಸ್‌ಗೇ."

"ಹಾಗಂದ್ಯೋ ಬಚಾವಾದೆ. ಬೇರೆ ಏನಾದ್ರೂ ಅಂದಿದ್ರೆ ಬೋಗುಣಿ ಕಿತ್ಕೊಂಡು ಹೋಗ್ತಿದ್ದೆ. ನನಗೂ ಒಂದ್ ಚಮಚ ಕೊಡಮ್ಮ."

ಪಾದ್ರಿಗಳಿಗೆ ಸಿಕ್ಕಿದ್ದು ತಳದ ಎರಡು ಬಿಸ್ಕತ್ತು.

ಊಟ ತಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವಂತಿಲ್ಲ. ಮುಂದಿನ ಎರಡು ವಾರ ನಾನು ಇಪ್ಪತ್ತಮೂರು ಪಾತ್ರೆಗಳಿಗೆ ಅಡುಗೆ ಮಾಡಿದೆ. ಯೂಲಾಳ ಬೋಗುಣಿಯನ್ನು ಮಾತ್ರ ಮಾವ ನನಗೆ ಮುಟ್ಟಲು ಬಿಡಲಿಲ್ಲ. ಒಂದು ಬೆಳಿಗ್ಗೆ ತಾವೇ ಜೋಳದ ಬ್ರೆಡ್ಡು ಮಾಡಿದರು. ಒಂದು ಬದಿ ಕರಕಲಾಯಿತು. ಆ ಬದಿ ಕೆಳಗೆ ಬರುವಂತೆ ಬೋಗುಣಿಯಲ್ಲಿಟ್ಟು, ಒಗೆದ ಬಟ್ಟೆ ಮುಚ್ಚಿ, ಒಣಗಿದ ಹಸಿರು ಮೆಟ್ಟಿಲು ಇಳಿದು ತೊರೆಯ ದಾರಿ ಹಿಡಿದರು.

ಎರಡು ನಿಮಿಷಕ್ಕೆ ಫೋನ್ ಬಡಿದುಕೊಂಡಿತು. ವರ್ನೀಸ್.

"ಡಾರ್ಲೀನ್, ಹೋಯ್ಟ್ ಮುಚ್ಚಿದ ಬೋಗುಣಿ ಹಿಡ್ಕೊಂಡು ಹೋಗ್ತಿದಾನೆ. ಯಾರು ಹೋದ್ರು?"

"ಯಾರೂ ಹೋಗಿಲ್ಲ ವರ್ನೀಸ್. ಯೂಲಾ ಮನೆಗೆ. ಹಿಂಬಾಗಿಲಿಗೆ ಹೋಗ್ತೀನಿ ಅಂದ್ರು."

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಹಿಂಬಾಗಿಲಿಗಾ!" ಎಂದಳು ವರ್ನೀಸ್.

ನಾನು ಇಡುವ ಮೊದಲೇ ಅವಳು ಫೋನ್ ಇಟ್ಟಳು. ಹನ್ನೊಂದು ಮನೆಗೆ ಹೇಳಬೇಕಿತ್ತಲ್ಲ.